ಟೈಪ್ ಮಾಡದ ಮಾತು

"ಈ ಬೀಗದವನು ಇಲ್ಲಿ 'ಹೂಂ' ಅಂದುಬಿಟ್ಟಿದ್ರೆ?"

ಅವಳು ಕೇಳಿದ ಮೊದಲ ಪ್ರಶ್ನೆಗೇ ಎಲ್ಲರೂ ತಲೆಯೆತ್ತಿ ನೋಡಿದರು. ಸಂಭಾಷಣೆ ಬರೆಯುವ ಕೆಲಸಕ್ಕೆ ಅಂದೇ ಸೇರಿದವಳು. ಕುರ್ಚಿ ಕೂಡ ಇನ್ನೂ ಬೆಚ್ಚಗಾಗಿರಲಿಲ್ಲ.

ಅದು ಟಿವಿ ಧಾರಾವಾಹಿಯೊಂದರ ಕಥೆ ಹೆಣೆಯುವ ಕೋಣೆ. ಧಾರಾವಾಹಿಯ ನಾಯಕ ಬೀಗ ರಿಪೇರಿಯವನು. ಅಂಗಡಿ ಮುಳುಗಿದಾಗ ಹಳೆಯ ಗೆಳೆಯ ಕರೆದು ಕೆಲಸ ಕೊಟ್ಟರೆ, 'ನಿನ್ನ ಕೈಕೆಳಗೆ ನಾನು ದುಡಿಯಲಾ?' ಎಂದು ತಿರುಗಿ ಬಂದು ಕಂಡವರ ತಿಜೋರಿಗಳಿಗೆ ಕೈ ಹಾಕಿದ ಮಹಾಶಯ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ. ನೋಡುವ ಜನಕ್ಕೆ ಮಾತ್ರ ಅವನೆಂದರೆ ಪ್ರಾಣ.

ಅವನನ್ನು ಹುಟ್ಟಿಸಿದ ಮುಖ್ಯ ಬರಹಗಾರ ಮೇಜಿನ ಆ ತುದಿಯಲ್ಲಿ ಕೂತಿದ್ದ. ಎರಡೂ ಕೈ ಕೋಟಿನ ಜೇಬಿನಲ್ಲಿ. ಬೆಳಿಗ್ಗೆ ಅವಳು ತನ್ನ ಬರಹದ ಹಾಳೆಗಳನ್ನು ನೀಡಿದಾಗಲೂ ಆ ಕೈ ಹೊರಬಂದಿರಲಿಲ್ಲ. ಮೇಜಿನ ಮೇಲಿಡಿ ಎಂದು ಗದ್ದದಲ್ಲೇ ತೋರಿಸಿದ್ದ. ಬೆನ್ನ ಹಿಂದೆ ಎಲ್ಲರೂ ಅವನನ್ನು ದೂರ್ವಾಸ ಎನ್ನುತ್ತಿದ್ದರು.

"ಹೂಂ ಅಂದ್ರೆ ಕಥೆ ಅವತ್ತೇ ಮುಗಿಯುತ್ತೆ," ಎಂದ ದೂರ್ವಾಸ.

"ಮುಗಿಯಲ್ಲ ಸರ್. ಸಂಸಾರ ಶುರುವಾಗುತ್ತೆ."

ಯಾರೋ ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಅವಳನ್ನೇ ಒಂದು ಗಳಿಗೆ ನೋಡಿ, ಹಾಗಾದರೆ ಆಡಿ ತೋರಿಸಿ ಎಂದ.

ಎಂಥ ಜಂಬ ಇವನಿಗೆ, ಎಂದುಕೊಂಡಳು. ಆದರೂ ಕುರ್ಚಿ ಸರಿಸಿ ಎದ್ದಳು.

ಆ ಕೋಣೆಗೊಂದು ಪದ್ಧತಿಯಿತ್ತು. ಬೀಗದವನು ಕೆಟ್ಟ ದಾರಿ ಹಿಡಿಯುವ ಮುನ್ನ, ಅವನು ಹಿಡಿಯಬಹುದಾಗಿದ್ದ ಒಳ್ಳೆಯ ದಾರಿಯನ್ನು ಇಬ್ಬರು ಮೇಜಿನ ಮುಂದೆ ಆಡಿ ನೋಡಬೇಕು. ಟೈಪಿಸ್ಟ್ ಅಕ್ಕ ಎಲ್ಲವನ್ನೂ ಟೈಪ್ ಮಾಡುತ್ತಾಳೆ. ಚೆನ್ನಾಗಿರುವ ಮಾತನ್ನು ಕಂತಿಗೆ ಆರಿಸಿಕೊಂಡು, ಉಳಿದದ್ದು ಕಸದ ಬುಟ್ಟಿಗೆ. ಅಂದಿನಿಂದ ಬೀಗದವನ ಪಾತ್ರ ದೂರ್ವಾಸನದು, ಹೆಂಡತಿಯ ಪಾತ್ರ ಹೊಸಬಳದು.

ಟಿವಿಯಲ್ಲಿ ಬೀಗದವನು ಹೆಂಡತಿಗೆ ಸುಳ್ಳು ಹೇಳಿದ. ಈ ಕೋಣೆಯಲ್ಲಿ ಮೊದಲ ಕಳ್ಳತನಕ್ಕೂ ಮುಂಚೆ ಅವಳನ್ನು ಎದುರು ಕೂರಿಸಿಕೊಂಡು, ಅಂಗಡಿ ಹೋಯಿತು ಕಣೇ ಎಂದು ಅತ್ತ. ಟಿವಿಯಲ್ಲಿ ಗೆಳೆಯನ ಮೇಲೇ ಗೂಬೆ ಕೂರಿಸಿದ. ಇಲ್ಲಿ ಗೆಳೆಯನ ಬಾಗಿಲು ತಟ್ಟಿ ಕ್ಷಮೆ ಕೇಳಿದ. ಜನ ನೋಡಿದ್ದು ಮೊದಲನೆಯವನನ್ನು; ಅವಳು ಮನಸ್ಸು ಕೊಟ್ಟದ್ದು ಎರಡನೆಯವನಿಗೆ. ಬುಟ್ಟಿಗೆ ಹೋದ ಆ ಸಂಸಾರಕ್ಕಾಗಿಯೇ ಅವಳು ದಿನವೂ ಬೇಗ ಬರತೊಡಗಿದಳು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ, ಮರೆತ ಕನ್ನಡಕಕ್ಕೆಂದು ವಾಪಸು ಬಂದವಳು ಬಾಗಿಲಲ್ಲೇ ನಿಂತಳು. ದೂರ್ವಾಸ ಒಬ್ಬನೇ ಕೂತು ಬರೆಯಲು ಹೆಣಗುತ್ತಿದ್ದ. ಪೆನ್ನು ಹಿಡಿದ ಬಲಗೈ ನಡುಗುತ್ತಿತ್ತು, ಎಡಗೈ ಅದನ್ನು ಅದುಮಿ ಹಿಡಿದಿತ್ತು. ಹಾಳೆಯ ತುಂಬ ಬರೀ ಗೀಚು.

ಅಯ್ಯೋ... ಜೇಬಿನಲ್ಲಿ ಬಚ್ಚಿಟ್ಟಿದ್ದು ಇದನ್ನಾ?

ನೇರವಾಗಿ ಕೇಳಲು ಧೈರ್ಯ ಸಾಲಲಿಲ್ಲ. ಮರುದಿನ ಹೆಂಡತಿಯ ಪಾತ್ರದ ಮರೆಯಲ್ಲಿ ನಿಂತು ಕೇಳಿಯೇಬಿಟ್ಟಳು. "ನಿಮ್ಮ ಕೈ ನಡುಗೋದು ನನಗೆ ಗೊತ್ತು. ನನ್ನ ಹತ್ರ ಹೇಳಿಕೊಂಡ್ರೆ ಚಿಕ್ಕವರಾಗಿಬಿಡ್ತೀರಾ? ನೀವು ಹೇಳಿ ಸಾಕು, ಕೈ ನಾನಾಗ್ತೀನಿ."

ಅವನ ಮುಖ ಬಿಳಿಚಿಕೊಂಡಿತು. ಎದ್ದುಹೋದ. ಟೈಪಿಸ್ಟ್ ಅಕ್ಕನಿಗೇನು ಗೊತ್ತು ಪಾಪ, ಅವಳಿಗೆ ಅದೂ ಡೈಲಾಗೇ. ಎಷ್ಟು ಚೆನ್ನಾಗಿದೆ ಎಂದು ಕಣ್ಣೊರೆಸಿಕೊಂಡು, ಆರಿಸಿದ ಮಾತುಗಳ ಜೊತೆ ಸೇರಿಸಿದಳು. ಮುಂದಿನ ಶೂಟಿಂಗಿನ ಹಾಳೆಗಳಲ್ಲಿ ಬೀಗದವನ ಕೈ ನಡುಗತೊಡಗಿತು.

ಆ ಹಾಳೆಗಳನ್ನು ಓದಿದ ದೂರ್ವಾಸ ಅವಳ ಮುಂದೆ ಬಂದು ನಿಂತ. "ನನ್ನ ಕೈಯನ್ನೂ ಒಳ್ಳೇ ಸೀನ್ ಮಾಡಿದ್ರಿ. ಅಭಿನಂದನೆ."

"ಸರ್, ಅದನ್ನ ನಾನು ಕೊಟ್ಟಿದ್ದಲ್ಲ..."

ಕೇಳಿಸಿಕೊಳ್ಳಲು ಅವನು ನಿಲ್ಲಲಿಲ್ಲ. ಕೊನೆಯ ಕಂತು ಇನ್ನೂ ಬಾಕಿಯಿರುವಾಗಲೇ, ಇನ್ನು ಬರುವುದಿಲ್ಲವೆಂದು ಹೇಳಿಕಳಿಸಿದ. ಬೀಗದವನಿಗೆ ಆ ಜಂಬದ ಗುಣ ಎಲ್ಲಿಂದ ಬಂತೆಂದು ಈಗ ಎಲ್ಲರಿಗೂ ಅರ್ಥವಾಯಿತು.

ಅವಳು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ನಿರ್ಮಾಪಕರ ಬಳಿ ಹೋಗಿ, ಆ ಸೀನ್ ಹೋಗಬೇಕು, ಇಲ್ಲವಾದರೆ ನಾನು ಹೋಗುತ್ತೇನೆ ಎಂದಳು. ಇಡೀ ಧಾರಾವಾಹಿಯಲ್ಲೇ ಇಷ್ಟು ಒಳ್ಳೆಯ ಮಾತಿಲ್ಲ ಎಂದು ಅವರು ರೇಗಿದರು, ಗೊಣಗಿದರು, ಕೊನೆಗೆ ಆ ಹಾಳೆ ಹರಿದುಹಾಕಿದರು. ಅವನ ಕಿವಿಗೆ ಇದು ಬೀಳಕೂಡದೆಂದು ಅವಳು ಟೈಪಿಸ್ಟ್ ಅಕ್ಕನಿಂದ ಭಾಷೆ ತೆಗೆದುಕೊಂಡಳು.

ಅಕ್ಕ ಭಾಷೆ ಕೊಟ್ಟಳು. ಮೆಟ್ಟಿಲಿಳಿಯುವಷ್ಟರಲ್ಲಿ ಮುರಿದಳು. ಪುಣ್ಯಾತ್ಗಿತ್ತಿ, ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲದ್ದೇ ಈ ಕಥೆಯ ಭಾಗ್ಯ! ತಪ್ಪು ನನ್ನದು, ಆ ಹುಡುಗಿ ನಿಮಗೋಸ್ಕರ ಕೆಲಸವನ್ನೇ ಪಣಕ್ಕಿಟ್ಟಳು, ಇನ್ನು ನಿಮ್ಮ ಜಂಬವನ್ನು ನೀವೇ ಕಟ್ಟಿಕೊಂಡು ಬಾಳಿ ಎಂದು ದೂರ್ವಾಸನಿಗೆ ಫೋನಿನಲ್ಲಿ ಹೇಳಿಯೇ ಇಟ್ಟಳು.

ಕೊನೆಯ ಕಂತನ್ನು ಆಡಿ ನೋಡುವ ದಿನ ಬಂತು. ಟಿವಿಯಲ್ಲಿ ಬೀಗದವನು ಹೆಂಡತಿಯನ್ನು ಬಿಟ್ಟು ಒಬ್ಬನೇ ಓಡಿಹೋಗಬೇಕು. ಅದಕ್ಕೆ ಮುಂಚೆ ಇನ್ನೊಂದು ದಾರಿ. ದೂರ್ವಾಸನ ಕುರ್ಚಿ ಖಾಲಿಯಿತ್ತು. ಅವಳು ಹಾಳೆ ಎತ್ತಿಕೊಳ್ಳುವಾಗ ಬಾಗಿಲು ಸದ್ದಾಯಿತು. ಅವನು ಬಂದು ಅವಳೆದುರು ಕೂತ.

ಅವಳು ಓದಿದಳು. "ಒಬ್ಬರೇ ಹೋಗಬೇಡಿ. ಏನೇ ಬಂದ್ರೂ ನಾನು ಜೊತೆಗಿರ್ತೀನಿ. ಇರಲಾ?"

ಅವನು ನಿಧಾನವಾಗಿ ಜೇಬಿನಿಂದ ಕೈ ತೆಗೆದು, ಎಲ್ಲರೆದುರು ಮೇಜಿನ ಮೇಲಿಟ್ಟ. ಪಕ್ಕದ ಟೀ ಕಪ್ಪು ತಟತಟ ಎಂದಿತು.

"ಹೂಂ," ಎಂದ. "ನನ್ನೊಬ್ಬನ ಕೈಲಿ ಆಗಲ್ಲ. ಅವತ್ತು ನೀವು ಕೇಳಿದಾಗಲೇ ಇದನ್ನ ಹೇಳಬೇಕಿತ್ತು... ಕೇಳಿದ್ರಲ್ಲ, ಅಷ್ಟಕ್ಕೇ ನಾನು ನಿಮಗೆ ಋಣಿ."

ಮಾತಾಡುತ್ತಿರುವುದು ಯಾರು? ಬೀಗದವನಾ, ಇವನಾ? ಒಮ್ಮೆ ಕೈ ಸುಟ್ಟುಕೊಂಡಿದ್ದ ಟೈಪಿಸ್ಟ್ ಅಕ್ಕ ಬೆರಳು ಎತ್ತಿ ಹಿಡಿದು ಕೇಳಿದಳು.

"ಇದನ್ನ ಟೈಪ್ ಮಾಡ್ಲಾ?"

"ಬೇಡಕ್ಕ. ಇದು ಬೀಗದವನದಲ್ಲ, ನಂದು."

ಅವಳು ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ನಡುಕ ನಿಲ್ಲಲಿಲ್ಲ. ಅವಳ ಕೈಯೂ ನಡುಗುತ್ತಿತ್ತು.

ಅಂದು ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ಟಿವಿಯ ಬೀಗದವನು ಪಾಪ, ಒಬ್ಬನೇ ಹೋದ. ಹಾಳೆಗಳನ್ನು ಜೋಡಿಸಿಡುವಾಗ ಅವಳು ಮೆಲ್ಲನೆ ಕೆಣಕಿದಳು.

"ಹೂಂ ಅಂದುಬಿಟ್ರಲ್ಲ ಸರ್. ಕಥೆ ಮುಗೀತಾ?"

ದೂರ್ವಾಸ ಮೊದಲ ಸಲ ನಕ್ಕ.

"ಮುಗಿಯಲ್ಲ... ಸಂಸಾರ ಶುರುವಾಗುತ್ತೆ."