ಸೆಬೀನಾಳ ಬಟ್ಟಲು

ಸಮಾಧಿಗಳ ಮೇಲಿರುವ ಯಾವುದನ್ನೂ ಮುಟ್ಟಬೇಡ ಎಂದು ಒಡೆಸ್ಸಾ ಚಿಕ್ಕಮ್ಮ ಹೇಳಿದಾಗ ರೂಫಸ್ ಮೇಬ್ರಿಗೆ ನಗು ಬಂತು. ಅದನ್ನು ಅವನು ಮುಚ್ಚಿಡಲೂ ಇಲ್ಲ. ಡ್ಯಾಫ್ನಿ ದ್ವೀಪದ ಆ ಹಳೆಯ ಸ್ಮಶಾನದಲ್ಲಿ ಮುಟ್ಟಬಾರದಂಥದ್ದು ಏನಿತ್ತು? ಮುಳ್ಳು ಮುರಿದ ಗಡಿಯಾರ, ಗಾಜು ಹೋದ ಲಾಟೀನು, ಔಷಧದ ಖಾಲಿ ಸೀಸೆ, ಯಾರದೋ ಕಟ್ಟಿಸಿದ ಹಲ್ಲು, ರಾಶಿ ರಾಶಿ ಕಪ್ಪೆಚಿಪ್ಪು. ಸತ್ತವರು ಕಡೆಯದಾಗಿ ಕೈಯಲ್ಲಿ ಹಿಡಿದದ್ದನ್ನು ಅವರ ತಲೆಯ ಬಳಿಯೇ ಇಟ್ಟುಬಿಡುವುದು ಕ್ಯಾರೊಲಿನಾ ಕರಾವಳಿಯ ಕಪ್ಪು ಜನರ ರೂಢಿ. ರೂಫಸನ ತಾಯಿ ಹುಟ್ಟಿದ್ದು ಈ ದ್ವೀಪದಲ್ಲೇ. ಆದರೆ ಅವನು ಬೆಳೆದದ್ದು ಶಿಕಾಗೋದಲ್ಲಿ. ಇಲ್ಲಿಗೆ ಬಂದದ್ದು ಸಿನಿಮಾ ತೆಗೆಯಲು.

ಚಿಕ್ಕಮ್ಮ ಬೆರಳು ತೋರಿಸಿದ್ದು ಅಳಿವೆಯ ಅಂಚಿನಲ್ಲಿದ್ದ ಒಂದು ಸಮಾಧಿಯ ಗುಡ್ಡೆಯ ಕಡೆಗೆ. ಅದಕ್ಕೆ ಕಲ್ಲಿರಲಿಲ್ಲ, ಹೆಸರಿರಲಿಲ್ಲ. ಮಣ್ಣಲ್ಲಿ ಅರ್ಧ ಹೂತ ಬಿಳಿ ಪಿಂಗಾಣಿ ಬಟ್ಟಲೊಂದಿತ್ತು, ಅದರ ತುಂಬ ಮಳೆಯ ನೀರು.

"ಅದು ಸೆಬೀನಾದು ಕಣಪ್ಪ. ಬೇರೆಯೋರದಾಗಿದ್ರೆ ಬೈದು ಸುಮ್ನಾಗ್ತಿದ್ದೆ. ಅವಳು ಬೇರು ಕಟ್ಟೋಳು, ಮಾಟ ಗೊತ್ತಿದ್ದೋಳು. ಅವಳಿಗೆ ಏನಾಯ್ತು ಅಂದ್ರೆ..."

"ಚಿಕ್ಕಮ್ಮ, ಕತೆ ಬರ್ದಿರೋನು ನಾನು," ಎಂದು ರೂಫಸ್ ಮಾತು ತುಂಡರಿಸಿದ. "ನಿಮ್ಮ ಸೆಬೀನಾ ಎದ್ದು ಬಂದ್ರೆ ಅವಳಿಗೂ ಒಂದು ಪಾರ್ಟು ಕೊಡ್ತೀನಿ ಬಿಡಿ."

ಕ್ಯಾಮೆರಾದ ಸುತ್ತ ನಿಂತವರೆಲ್ಲ ನಕ್ಕರು. ಮುದುಕಿ ಅವನ ಮುಖವನ್ನೇ ನೋಡಿ, ದೆವ್ವ ಒಳಬರದಿರಲೆಂದು ಕಿಟಕಿ ಬಾಗಿಲಿಗೆಲ್ಲ ನೀಲಿ ಬಳಿದ ತನ್ನ ಮನೆಯ ಕಡೆ ನಡೆದುಬಿಟ್ಟಳು.

ನಗಿಸುವುದು ರೂಫಸನ ಕಸುಬಾಗಿತ್ತು. ಅವನೂ ಗೆಳೆಯ ಕ್ಲೇಬರ್ನನೂ ಸೇರಿ ಟಿವಿಯಲ್ಲಿ ವರ್ಷಗಟ್ಟಲೆ ದೇಶವನ್ನೇ ನಗಿಸಿದ್ದರು. ರೂಫಸ್ ಕುಣಿಯುತ್ತಿದ್ದ, ಯಾರ ದನಿಯನ್ನು ಬೇಕಾದರೂ ತೆಗೆಯುತ್ತಿದ್ದ. ಕ್ಲೇಬರ್ನ್ ಪಕ್ಕದಲ್ಲಿ ಕಲ್ಲುಮುಖ ಹಾಕಿ ನಿಲ್ಲುತ್ತಿದ್ದ. ಅಷ್ಟು ವರ್ಷದಲ್ಲಿ ಒಂದು ಸಲವೂ ಅವನ ತುಟಿ ಅಲುಗಿದ್ದನ್ನು ಯಾರೂ ಕಾಣರು. ಎಲ್ಲಕ್ಕಿಂತ ಹೆಸರಾದದ್ದು ರೂಫಸ್ ಹೂವಿನ ಗೌನು ತೊಟ್ಟು ಮಾಡುತ್ತಿದ್ದ ಮುದುಕಿಯ ವೇಷ. ಹೋಟೆಲಿನಲ್ಲಿ, ವಿಮಾನದಲ್ಲಿ, ಕೊನೆಗೆ ಅಪ್ಪನ ಹೆಣದ ಮುಂದೆ ನಿಂತಿದ್ದಾಗಲೂ ಯಾರೋ ಒಬ್ಬ ತೋಳು ಹಿಡಿದು, ಆ ಮುದುಕಿಯ ದನಿ ಒಂದ್ಸಲ ತೆಗೀರಿ ಎಂದು ಕೇಳಿದ್ದ. ರೂಫಸನ ಕಣ್ಣಲ್ಲಿ ನೀರಿತ್ತು. ಅದನ್ನೂ ನಟನೆ ಎಂದುಕೊಂಡು ಆ ಮನುಷ್ಯ ನಕ್ಕಿದ್ದ.

ಅವತ್ತೇ ಅವನು ಹಾಸ್ಯ ಬಿಟ್ಟ. ಎಲ್ಲರೂ ಬೇಡವೆಂದರೂ ಒಂದು ಭಯಾನಕ ಚಿತ್ರ ತೆಗೆದ. ಅದು ತೆರೆಕಂಡ ದಿನ ಹಿಂದಿನ ಸಾಲಿನ ಕತ್ತಲಲ್ಲಿ ಕೂತು ಜನ ಕಿರುಚುವುದನ್ನು ಕಣ್ಣುಮುಚ್ಚಿ ಕೇಳಿದ. ಯಾರೂ ನಗುತ್ತಿರಲಿಲ್ಲ. ಅಷ್ಟು ನೆಮ್ಮದಿ ಅವನಿಗೆ ಯಾವ ಚಪ್ಪಾಳೆಯಿಂದಲೂ ಸಿಕ್ಕಿರಲಿಲ್ಲ. ಈಗ ತೆಗೆಯುತ್ತಿದ್ದುದು ಎರಡನೆಯ ಚಿತ್ರ. ನಿರ್ಮಾಣದ ಹೊಣೆ ಕ್ಲೇಬರ್ನನದು.

ಅಂದು ಮಧ್ಯಾಹ್ನ ಸಮುದ್ರ ಇಳಿದು ಅಳಿವೆ ಬರಿದಾಗಿತ್ತು. ಜೌಗಿನ ಕರಿಕೆಸರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಓಕ್ ಮರಗಳಿಂದ ಇಳಿಬಿದ್ದ ಬೂದುಪಾಚಿ ಗಾಳಿಯಿಲ್ಲದೆ ನಿಂತಿತ್ತು. ದೃಶ್ಯ ಸಣ್ಣದು: ಒಬ್ಬ ಪಾದ್ರಿ ಸಮಾಧಿಯ ನೀರು ಕುಡಿದು, ನೆರವಿಗಾಗಿ ಕೂಗಬೇಕು. ಪಾದ್ರಿಯ ಪಾತ್ರ ರೂಫಸನದೇ. ಅದಕ್ಕೆಂದು ತಂದಿದ್ದ ಬಟ್ಟಲು ಅಂಗಡಿಯ ಹೊಳಪಿನಲ್ಲಿ ಮಿರುಗುತ್ತಿತ್ತು. ಅವನು ಅದನ್ನು ಎಸೆದು, ನೇರ ಸೆಬೀನಾಳ ಗುಡ್ಡೆಗೆ ಹೋಗಿ ಬಿಳಿ ಬಟ್ಟಲನ್ನು ಕಿತ್ತ. ಹೀರುತ್ತಿದ್ದ ತುಟಿ ಬಿಟ್ಟುಕೊಂಡಂಥ ಸದ್ದು ಮಾಡಿ ಮಣ್ಣು ಅದನ್ನು ಬಿಟ್ಟಿತು.

ಕ್ಯಾಮೆರಾ ಓಡಿತು. ಅವನು ಕುಡಿದ. ನೀರು ಬೆಚ್ಚಗಿತ್ತು. ಬಾಯೊಳಗೆ ಆಗಲೇ ಇದ್ದದ್ದರಷ್ಟು ಬೆಚ್ಚಗೆ. ಉಪ್ಪು, ತುಕ್ಕು, ಅದರಡಿಯಲ್ಲಿ ಇನ್ನೊಬ್ಬರ ಎಂಜಲಿನ ರುಚಿ. ಜೌಗಿನ ಕಪ್ಪೆಗಳು ಒಮ್ಮೆಲೇ ದನಿ ನಿಲ್ಲಿಸಿದವು. ಯಾರಾದರೂ ಬನ್ನಿ ಎಂದು ಅವನು ಕೂಗಬೇಕಿತ್ತು.

"ಯಾ... ಯಾ... ಯಾರಾ..."

ನಾಲಗೆ ಹಲ್ಲಿಗೆ ಸಿಕ್ಕಿಕೊಂಡಿತು. ತೊದಲು ಗಂಟಲಿನ ಆಳದಿಂದ ತಾನಾಗಿ ಏರಿ ಬಂತು. ಅದು ಹೆಂಗಸಿನ ತೊದಲು. ಅವನೆಂದೂ ಅಭ್ಯಾಸ ಮಾಡಿದ್ದಲ್ಲ. ಅದೇ ಕ್ಷಣ ಸುತ್ತ ನಿಂತವರೆಲ್ಲ ಕೆರೆ ಒಡೆದಂತೆ ನಕ್ಕರು. ಸುಮ್ಮನಿರಿ ಎಂದು ಗದರಿದ. ಅವರು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಕ್ಲೇಬರ್ನ್ ಒಬ್ಬನೇ ಬೆನ್ನು ತಿರುಗಿಸಿ ಅಳಿವೆಯ ಕಡೆ ನೋಡುತ್ತ ನಿಂತಿದ್ದ.

ಹಳೆಯ ಚಾಳಿ, ನನ್ನನ್ನು ನೋಡಿದರೆ ನಗುತ್ತಾರೆ ಎಂದು ರೂಫಸ್ ತನಗೆ ತಾನೇ ಹೇಳಿಕೊಂಡ. ಒಬ್ಬನೇ ಕೂತು, ನಗುವನ್ನು ಅಳಿಸಿ ತೊದಲನ್ನು ಮಾತ್ರ ಚಿತ್ರದಲ್ಲಿ ಉಳಿಸಿದ. ಅಷ್ಟು ಭಯ ಹುಟ್ಟಿಸುವ ದನಿಯನ್ನು ಅವನು ತನ್ನ ಬದುಕಿನಲ್ಲಿ ಕೇಳಿರಲಿಲ್ಲ.

ಲಾಸ್ ಏಂಜಲೀಸಿಗೆ ಮರಳಿದ ಮೇಲೆ ಆ ತೊದಲು ಆಗಾಗ ಇಣುಕಿತು, ಮೊದಮೊದಲು ಮನಸ್ಸು ಕಲಕಿದಾಗ ಮಾತ್ರ. ಎದೆಯಲ್ಲಿ ಕಲ್ಲಿಟ್ಟಂತಾಗುತ್ತದೆ ಎಂದು ವೈದ್ಯೆಗೆ ಹೇಳಹೋದರೆ ಆಕೆ ಬಾಯಿಗೆ ಕೈ ಅಡ್ಡ ಹಿಡಿದಳು, ನಗುವಿಗೆ ಭುಜ ಕುಲುಕುತ್ತಿತ್ತು. ಅಮ್ಮನಿಗೆ ಫೋನಿನಲ್ಲಿ ಹೇಳಿದ. ಅವಳು ಬಿಕ್ಕಿ ಬಿಕ್ಕಿ ನಕ್ಕಳು. ನಗು ನಿಂತ ಮೇಲೆ, ಯಾಕೆ ನಕ್ಕೆನೋ ಗೊತ್ತಿಲ್ಲ ಮಗಾ ಎಂದು ಅತ್ತಳು.

ಚಿತ್ರ ಮುಗಿಯಿತು. ಬಿಡುಗಡೆಗೆ ಮುಂಚೆ ಸ್ಟುಡಿಯೋದವರು ಒಂದು ಮಧ್ಯಾಹ್ನ ಬೀದಿಯ ಜನರನ್ನೇ ಕರೆದು ತೋರಿಸಿದರು. ರೂಫಸ್ ಹಿಂದಿನ ಸಾಲಿನಲ್ಲಿ ಕೂತ. ಬೆಣ್ಣೆ ಹಾಕಿದ ಪಾಪ್‌ಕಾರ್ನಿನ ವಾಸನೆ. ಕತ್ತಲು. ಮೊದಲರ್ಧ ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಆಮೇಲೆ ಆ ಸ್ಮಶಾನ ಬಂತು, ಆ ಬಟ್ಟಲು ಬಂತು.

ಯಾ... ಯಾ... ಯಾರಾ...

ಮುಂದಿನ ಸಾಲಿನಲ್ಲಿ ಒಬ್ಬಳು ಕಿಸಕ್ಕೆಂದಳು. ಪಕ್ಕದವನು ಸೇರಿದ. ಸಾಲಿನಿಂದ ಸಾಲಿಗೆ ಹಬ್ಬಿತು. ತೆರೆಯ ಬೆಳಕಿನಲ್ಲಿ ಅವರ ಮುಖಗಳು ಕಂಡವು. ಬಾಯಿಗಳು ನಗುತ್ತಿದ್ದವು. ಕಣ್ಣುಗಳು ನಗುತ್ತಿರಲಿಲ್ಲ. ಕಣ್ಣುಗಳು ಅಗಲವಾಗಿ ತೆರೆದುಕೊಂಡು ಒಂದನ್ನೊಂದು ಬೇಡುತ್ತಿದ್ದವು. ಯಾರಿಗೂ ನಿಲ್ಲಿಸಲಾಗಲಿಲ್ಲ. ಸಾಲುಗಳ ನಡುವಿನ ದಾರಿಯ ಪಕ್ಕ ಕೂತಿದ್ದ ಬಿಳಿಗಡ್ಡದವನು ಕುರ್ಚಿಯಿಂದ ಜಾರಿದ. ನೆಲದ ಮೇಲೆ ಹೊರಳಿದ. ತುಟಿ ನೀಲಿಗಟ್ಟಿತು. ಆಗಲೂ ನಗುತ್ತಿದ್ದ. ರೂಫಸ್ ಎದ್ದು ನಿಂತ. ನಿಲ್ಲಿಸಿ, ಆ ಮನುಷ್ಯ ಸಾಯುತ್ತಿದ್ದಾನೆ ಎಂದು ಕೂಗಿದ. ಅವನ ದನಿ ಕೇಳಿದ್ದೇ ಇಡೀ ಸಭಾಂಗಣ ಅವನ ಕಡೆ ತಿರುಗಿತು. ನಗು ಇಮ್ಮಡಿಯಾಯಿತು. ಬಾಗಿಲ ಬಳಿಯ ಕಾವಲಿನವನು ಫೋನು ಹಿಡಿದಿದ್ದ, ಅವನ ಕೈಯಿಂದ ಅದು ಬಿತ್ತು. ಅವನೂ ನಗುತ್ತ ಕುಸಿದ.

ದೀಪ ಹತ್ತುವ ಹೊತ್ತಿಗೆ ಬಿಳಿಗಡ್ಡದವನು ಸತ್ತಿದ್ದ.

ಅವನಿಗೆ ಮೊದಲೇ ಹೃದಯದ ಕಾಯಿಲೆ ಇತ್ತಂತೆ ಎಂದರು ಸ್ಟುಡಿಯೋದವರು. ನೋಡಿದವರು ನಕ್ಕೂ ನಕ್ಕೂ ಸಾಯುವ ಸಿನಿಮಾ ಎಂಬ ಸುದ್ದಿ ಹಬ್ಬಿತ್ತು, ಅದು ಅವರಿಗೆ ಬೇಕಾಗಿಯೂ ಇತ್ತು. ಚಿತ್ರವನ್ನು ಹಾಸ್ಯವೆಂದೇ ಬಿಡುಗಡೆ ಮಾಡುವುದೆಂದು ತೀರ್ಮಾನಿಸಿ, ಆ ತೊದಲಿನ ತುಣುಕನ್ನು ಜಾಹೀರಾತಿಗೆ ಬಿಟ್ಟರು. ವಾರ ಕಳೆಯುವುದರಲ್ಲಿ ಅದು ಜನರ ಫೋನುಗಳಲ್ಲಿ ಹರಿದಾಡಿತು, ಕೆಲವರು ಅದನ್ನೇ ಫೋನಿನ ರಿಂಗ್‌ಟೋನ್ ಮಾಡಿಕೊಂಡರು. ರೂಫಸ್ ತಡೆಯಲು ಹೋದ. ಸ್ಟುಡಿಯೋದ ದೊಡ್ಡವರ ಮೇಜಿನ ಮುಂದೆ ಬಾಯಿ ತೆರೆದ. ಅವರು ಕುರ್ಚಿಯಲ್ಲೇ ಮಡಚಿಕೊಂಡು ಉಸಿರಿಗೆ ಒದ್ದಾಡತೊಡಗಿದಾಗ ಬಾಯಿ ಮುಚ್ಚಿ ಓಡಿ ಬಂದ. ಅಲ್ಲಿಂದ ಮುಂದೆ ಅವನು ಯಾರೊಡನೆಯೂ ಮಾತಾಡಲಿಲ್ಲ.

ಚಿತ್ರೀಕರಣದ ಸಾಮಾನಿನ ಜೊತೆ ಬಂದುಬಿಟ್ಟಿದ್ದ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಡ್ಯಾಫ್ನಿಗೆ ಹೋದ. ಒಡೆಸ್ಸಾ ಚಿಕ್ಕಮ್ಮ ಜಗಲಿಯಲ್ಲಿ ಸೀಗಡಿ ಬಿಡಿಸುತ್ತ ಕೂತಿದ್ದಳು. ಅವನು ಆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಗೀಚಿ ಮುಂದೆ ಹಿಡಿದ. ಓದಿ ಮುಗಿಸಿದ ಅವಳು ಸೀಗಡಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, ಅವತ್ತು ಅವನು ಹೇಳಗೊಡದೆ ಹೋದ ಕತೆಯನ್ನು ಹೇಳಿದಳು.

ಸೆಬೀನಾಳ ಮಾತು ಹುಟ್ಟಿನಿಂದಲೇ ತೊದಲು. ಅವಳು ಬಾಯಿ ತೆರೆದರೆ ಊರೇ ನಗುತ್ತಿತ್ತು. ಒಂದು ದಿನ ಅವಳ ಪುಟ್ಟ ಮಗಳು ಅಳಿವೆಯ ಕೆಸರಲ್ಲಿ ಹೂತು ಇಳಿಯತೊಡಗಿದಳು, ಉಬ್ಬರದ ನೀರು ಏರುತ್ತಿತ್ತು. ಸೆಬೀನಾ ಕೂಗಿದಳು. ದೋಣಿಕಟ್ಟೆಯಲ್ಲಿ ಬಲೆ ಹೊಲಿಯುತ್ತಿದ್ದ ಗಂಡಸರು ಅವಳ ಕೂಗಿನ ಚೆಂದ ಕೇಳಿ ಬಿದ್ದು ಬಿದ್ದು ನಕ್ಕರು, ಎದ್ದು ಬರಲಿಲ್ಲ. ಅವತ್ತಿನಿಂದ ಅವಳು ಮಾತು ಬಿಟ್ಟಳು, ಬೇರು ಹಿಡಿದಳು. ಸಾಯುವಾಗ ಮಾತ್ರ ಆ ಬಟ್ಟಲಿನ ನೀರಿಗೆ ಬಾಯಿ ಹಚ್ಚಿ ಒಂದು ಮಾತು ಆಡಿದಳಂತೆ.

"ಏನಂದ್ಳು ಗೊತ್ತಾ? ನನ್ನ ಬಾಯಿ ಬೇಕಾದೋನು ತಗೊಳ್ಳಲಿ ಅಂದ್ಳು."

ಬಟ್ಟಲನ್ನು ವಾಪಸ್ಸು ಇಡುತ್ತೇನೆ ಎಂದು ರೂಫಸ್ ಬರೆದು ತೋರಿಸಿದ.

"ಇಡು," ಎಂದಳು ಚಿಕ್ಕಮ್ಮ. "ಕುಡಿದಿದ್ದನ್ನ ಹ್ಯಾಗೆ ಇಡ್ತೀಯ?"

ಅವನು ಅಲ್ಲೇ ಉಳಿದ. ಅವಳ ಮನೆಯ ಹಿಂದಿನ ಕೋಣೆಯಲ್ಲಿ, ಬಾಯಿ ಮುಚ್ಚಿಕೊಂಡು. ಕ್ಲೇಬರ್ನ್ ಹುಡುಕಿಕೊಂಡು ಬಂದದ್ದು ಒಂದು ಮಂಜು ಮುಸುಕಿದ ಬೆಳಿಗ್ಗೆ. ಚಿಕ್ಕಮ್ಮ ಚರ್ಚಿಗೆ ಹೋಗಿದ್ದಳು. ರೂಫಸ್ ಸೊರಗಿ ಕಡ್ಡಿಯಾಗಿದ್ದ. ಬರೆದುದನ್ನು ಓದಿ ಕ್ಲೇಬರ್ನ್ ಹಾಳೆಯನ್ನು ಮಡಚಿಟ್ಟ.

"ಮಾತಾಡು," ಎಂದ.

ರೂಫಸ್ ಆಗದೆಂದು ತಲೆಯಾಡಿಸಿದ.

"ಲೋ ರೂಫಸ್, ನಿನ್ನ ಪಕ್ಕ ನಿಂತು ಒಂದಿನ ನಕ್ಕಿದೀನೇನೋ ನಾನು? ಅವತ್ತು ಸ್ಮಶಾನದಲ್ಲೂ ನಗ್ಲಿಲ್ಲ. ಹಿಂಗೆ ಒಳಗೇ ಇಟ್ಕೊಂಡ್ರೆ ನೀನು ಸಾಯ್ತೀಯ. ಜಗತ್ತಲ್ಲಿ ಒಬ್ಬನಿಗಾದ್ರೂ ಹೇಳು. ನನಗೆ ಹೇಳು."

ರೂಫಸ್ ತಡೆದುಕೊಂಡ. ಕ್ಲೇಬರ್ನ್ ಅವನ ಕೈ ಹಿಡಿದುಕೊಂಡು ಕಾದ. ಕಡೆಗೆ ತೊದಲು ಹೊರಬಿತ್ತು. ಒಂದೊಂದೇ ಅಕ್ಷರ. ಆ ಬಿಳಿಗಡ್ಡದವನ ನೀಲಿ ತುಟಿ ಕಣ್ಣು ಮುಚ್ಚಿದರೆ ಕಾಣುತ್ತದೆ ಎಂದ. ಅಮ್ಮನ ದನಿ ಕೇಳಬೇಕೆನ್ನಿಸುತ್ತದೆ ಎಂದ. ಹೆದರಿಕೆಯಾಗುತ್ತದೆ ಕ್ಲೇ, ಒಬ್ಬನೇ ಇರಲು ಹೆದರಿಕೆಯಾಗುತ್ತದೆ ಎಂದ. ಎದುರಿನ ಮುಖ ಕಲ್ಲಿನಂತೆಯೇ ಇತ್ತು. ನಗಲಿಲ್ಲ. ನಗದವನು ಒಬ್ಬನಾದರೂ ಇದ್ದ. ರೂಫಸನ ಕಣ್ಣಿಂದ ನೀರು ಸುರಿಯಿತು. ಅವನು ಇನ್ನೂ ಹೇಳಿದ. ತಿಂಗಳುಗಳಿಂದ ಕಟ್ಟಿಕೊಂಡಿದ್ದನ್ನೆಲ್ಲ ಹೇಳಿದ.

ಹಿಡಿದಿದ್ದ ಕೈ ತನ್ನ ಬೆರಳುಗಳನ್ನು ಜಜ್ಜುವಂತೆ ಹಿಸುಕುತ್ತಿರುವುದು ಆಮೇಲೆ ತಿಳಿಯಿತು.

ತಲೆಯೆತ್ತಿ ನೋಡಿದ. ಕ್ಲೇಬರ್ನನ ಕತ್ತಿನ ನರಗಳು ಹಗ್ಗದಂತೆ ಉಬ್ಬಿದ್ದವು. ಮೂಗಿನಿಂದ ರಕ್ತ ಇಳಿಯುತ್ತಿತ್ತು. ಕಣ್ಣುಗುಡ್ಡೆ ಕೆಂಪಾಗಿತ್ತು. ಆದರೂ ತುಟಿ ಅಲುಗಿರಲಿಲ್ಲ. ಗೆಳೆಯನಿಗಾಗಿ ಅವನು ಹಿಡಿದಿಟ್ಟಿದ್ದ. ರೂಫಸ್ ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಒಂದು ಸಣ್ಣ ಸದ್ದು, ಬಟ್ಟೆ ಹರಿದಂತೆ. ಕ್ಲೇಬರ್ನ್ ನಕ್ಕ. ಬದುಕಿನಲ್ಲಿ ನಗದೆ ಉಳಿಸಿದ್ದ ನಗುವೆಲ್ಲ ಒಟ್ಟಿಗೆ ಬಂತು. ಕೋಣೆಯ ಗೋಡೆಗಳು ಗುಡುಗಿದವು. ಅವನು ರೂಫಸನ ಅಂಗಿ ಹಿಡಿದು ಜಗ್ಗಿದ. ಕ್ಷಮಿಸು ಎನ್ನಲು ಬಾಯಿ ಹೊರಳಿಸಿದ. ಬಂದದ್ದು ನಗುವೇ. ರೂಫಸ್ ಅವನನ್ನು ಎದೆಗವಚಿಕೊಂಡು ಕೂತ. ನಗು ಸಣ್ಣದಾಗುತ್ತ ಬಂತು. ನಿಂತಿತು.

ಶಿಕಾಗೋದ ಚರ್ಚಿನಲ್ಲಿ ಜನ ಕಿಕ್ಕಿರಿದಿದ್ದರು. ಬಿಳಿ ಹೂಗಳ ಮಂಕು ವಾಸನೆ, ಬೀಸಣಿಗೆಗಳ ಸರಸರ. ತೆರೆದ ಶವಪೆಟ್ಟಿಗೆಯಲ್ಲಿ ಕ್ಲೇಬರ್ನನ ಮುಖ ಎಂದಿನಂತೆ ಬಿಗಿದುಕೊಂಡಿತ್ತು. ಅವನ ಹೆಂಡತಿ ಅಲ್ಮೀಡಾ ಎದ್ದು ಬಂದು ರೂಫಸನ ಮುಂದೆ ನಿಂತಳು.

"ಒಂದು ಮಾತಾಡು," ಎಂದಳು ಮೆಲ್ಲಗೆ. "ನಿನ್ನ ಜೊತೆ ಇದ್ದಾಗ್ಲೇ ಹೋದ. ನೀನು ಒಂದು ಮಾತೂ ಆಡ್ದೆ ಅವನನ್ನ ಕಳಿಸ್ತೀಯಾ?"

ರೂಫಸ್ ತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದ. ಅವಳು ಕಾದಳು. ಜನ ಕಾದರು. ಅವನ ಬಾಯಲ್ಲಿ ರಕ್ತದ ರುಚಿ ಹರಡಿತು. ಬಾಯಿ ತೆರೆಯಲಿಲ್ಲ. ಅಲ್ಮೀಡಾ ಅವನ ಕೆನ್ನೆಗೆ ಹೊಡೆದಳು. ಇನ್ನೊಂದು ಹೊಡೆದಳು. ಅವನು ಹೊಡೆಸಿಕೊಂಡ. ಹೊಡೆಯಲಿ, ಜನ್ಮವಿಡೀ ಶಪಿಸಲಿ, ಅವಳು ಬದುಕಿದ್ದರೆ ಸಾಕು ಎಂದುಕೊಂಡ. ಮಾತಿಲ್ಲದೆ ತಲೆಬಾಗಿದ.

ಆಗ ಹಿಂದಿನ ಸಾಲುಗಳಲ್ಲಿ ಎಲ್ಲೋ, ಆರಿಸಲು ಮರೆತ ಫೋನೊಂದು ಕೂಗಿತು.

ಯಾ... ಯಾ... ಯಾರಾ...

ಅದು ಅವನದೇ ದನಿ. ರೂಫಸ್ ಜನರನ್ನು ತಳ್ಳಿಕೊಂಡು ಆ ಕಡೆ ಓಡಿದ. ಯಾರ ಜೇಬು, ಯಾರ ಚೀಲ, ತಿಳಿಯಲಿಲ್ಲ. ಅದು ಮತ್ತೆ ಕೂಗಿತು. ಒಬ್ಬ ಮುದುಕ ಕಿಸಕ್ಕೆಂದ. ಅವನ ಮಗ್ಗುಲಿನ ಹೆಂಗಸು. ಅವಳ ಮುಂದಿನ ಸಾಲು. ಬೀಸಣಿಗೆಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಅವನು ಹಿಂತಿರುಗಿ ನೋಡಿದ. ಅಲ್ಮೀಡಾ ಗಂಡನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು. ಅವಳ ಭುಜ ಕುಲುಕುತ್ತಿತ್ತು. ಅವಳು ಮುಖ ಎತ್ತಿ ಅವನನ್ನೇ ನೋಡಿದಳು. ಕಣ್ಣು ಬೇಡುತ್ತಿತ್ತು. ಬಾಯಿ ನಗುತ್ತಿತ್ತು.