ತೂಗುಗಲ್ಲಿನ ಬಿರುಕು

ಆ ಮನುಷ್ಯ ಬಂಡೆಯನ್ನು ನೆಕ್ಕುತ್ತಿದ್ದ!

ತೂಗುಗಲ್ಲು ತೋರಿಸಲು ಹದಿನಾಲ್ಕು ಪ್ರವಾಸಿಗರನ್ನು ಕರೆತಂದ ಗೈಡ್ ಹುಡುಗಿ ಅಲ್ಲೇ ನಿಂತುಬಿಟ್ಟಳು. ಏಳು ವರ್ಷದಲ್ಲಿ ಕಲ್ಲಿನ ಮುಂದೆ ಸೆಲ್ಫಿ ತೆಗೆಯುವವರನ್ನು ಕಂಡಿದ್ದಳು, ಹೆಸರು ಕೆತ್ತುವವರನ್ನೂ ಕಂಡಿದ್ದಳು. ರುಚಿ ನೋಡುವವನು ಇವನೇ ಮೊದಲು.

"ಉಪ್ಪು ಸರಿಯಾಗಿದೆಯಾ?"

ಅವನು ಕಿವಿಯವರೆಗೂ ಕೆಂಪಾದ. ಒದ್ದೆಯಾದರೆ ಕಲ್ಲಿನ ಕಣ ಸ್ಪಷ್ಟವಾಗಿ ಕಾಣುತ್ತದೆ, ನೀರಿನ ಬಾಟಲಿ ಮರೆತೆ ಎಂದು ತೊದಲಿದ. ತಾನು ಭೂವಿಜ್ಞಾನಿ ಎಂದ. ಕೆಳಗಿನ ಮೆದು ಕಲ್ಲನ್ನು ಗಾಳಿ, ನೀರು ಲಕ್ಷಾಂತರ ವರ್ಷ ಸವೆಸಿ ಸಣ್ಣ ಕಂಬ ಮಾಡಿವೆ, ಮೇಲಿನ ಗಟ್ಟಿ ಬಂಡೆ ಕೊಡೆಯಂತೆ ಉಳಿದಿದೆ ಎಂದ. ಆ ಕಂಬದಲ್ಲೊಂದು ಬಿರುಕು. ಅದನ್ನು ಅಳೆದು ಅವನು ವರದಿ ಕೊಡಬೇಕು; ಬೆಳೆಯುತ್ತಿದ್ದರೆ ಪ್ರವಾಸಿಗರು ಬರುವ ದಾರಿ ಮುಚ್ಚಬೇಕು.

ದಾರಿ ಮುಚ್ಚಿದರೆ ಅವಳ ಕೆಲಸ ಹೋಯಿತು, ಟಿಕೆಟ್ ಕೌಂಟರಿನಲ್ಲಿ ಕೂರುವ ಅಪ್ಪನ ಕೆಲಸವೂ ಹೋಯಿತು. ಅವಳಿಗೆ ಮೈಯೆಲ್ಲ ಉರಿಯಿತು. ಅಂದೇ ಅವನಿಗೆ 'ಕಲ್ಲುಸಕ್ಕರೆ' ಎಂದು ಹೆಸರಿಟ್ಟಳು.

ಕಲ್ಲುಸಕ್ಕರೆ ದಿನಾ ಬಂದ. ಬಿರುಕಿಗೆ ಅಳತೆಪಟ್ಟಿ ಹಿಡಿದು ಏನೋ ಬರೆದುಕೊಳ್ಳುತ್ತಿದ್ದ. ಆಮೇಲೆ ಅವಳ ಗುಂಪಿನ ಹಿಂದೆ ನಿಂತು ಅವಳ ಮಾತು ಕೇಳುತ್ತಿದ್ದ. ತಪ್ಪು ಹುಡುಕುತ್ತಾನೆ ಎಂದುಕೊಂಡು ಅವಳು ಮುಖ ಕೊಟ್ಟು ಮಾತಾಡಲಿಲ್ಲ. ಅವನು ಬರುವುದು ಹತ್ತು ನಿಮಿಷ ತಡವಾದರೆ ಮಾತ್ರ ಕಣ್ಣು ಗೇಟಿನ ಕಡೆಗೇ... ಹಾಳು ಕಣ್ಣು!

ಇಪ್ಪತ್ತೊಂದನೇ ದಿನ ಅವನು ಕೌಂಟರಿನಲ್ಲಿ ನೋಟ್‌ಬುಕ್ ಮರೆತು ಬಂಡೆಯ ಕಡೆ ಹೋದ. ಅಪ್ಪನ ಕೈ ಸುಮ್ಮನಿರುತ್ತದೆಯೇ? ತೆರೆದರು. ಇಪ್ಪತ್ತು ದಿನವೂ ಒಂದೇ ಅಳತೆ! ಮೂರನೇ ದಿನದ ತಾರೀಕಿನ ಕೆಳಗೆ, ಬಿರುಕು ತೀರಾ ಹಳೆಯದು, ಅಪಾಯವಿಲ್ಲ ಎಂದು ಬರೆದಿತ್ತು.

"ಇವನಿಗೆ ಕೆಲಸ ಬರಲ್ಲ ಕಣಮ್ಮ," ಎಂದರು ಅಪ್ಪ. "ಇಲ್ಲಾಂದ್ರೆ ಇಲ್ಲಿ ಬೇರೇನೋ ಕೆಲಸ ಇದೆ."

ಅವಳು ಏದುಸಿರು ಬಿಡುತ್ತಾ ಬಂಡೆಯ ಬುಡಕ್ಕೆ ಓಡಿದಳು.

"ಮೂರನೇ ದಿನವೇ ಗೊತ್ತಿತ್ತಾ? ಕೆಲಸ ಹೋಗತ್ತೆ ಅಂತ ನಾನು ಸರಿಯಾಗಿ ನಿದ್ದೆ ಮಾಡಿಲ್ಲ ಕಣ್ರೀ."

ಅವನ ಮುಖ ಬಾಡಿತು. ಅಷ್ಟು ಓದಿದವನಿಗೆ ಅದು ಹೊಳೆದೇ ಇರಲಿಲ್ಲ.

"ತಪ್ಪಾಯ್ತು... ವರದಿ ಕೊಟ್ಟುಬಿಟ್ರೆ ಇಲ್ಲಿಗೆ ಬರೋಕೆ ಕಾರಣ ಇರಲ್ಲ ಅಂತ ಸುಮ್ನಿದ್ದೆ. ನನಗೆ ನೀವಂದ್ರೆ ಇಷ್ಟ."

ಅವಳಿಗೆ ಅಳುವೂ ಬಂತು, ನಗುವೂ ಬಂತು.

"ವರದಿ ಇವತ್ತೇ ಕಳಿಸಿ."

"ನಾಳೆ?"

"ನಾಳೆ ಟಿಕೆಟ್ ತಗೊಂಡು ಬನ್ನಿ. ಅಪ್ಪ ಯಾರನ್ನೂ ಬಿಟ್ಟಿ ಬಿಡಲ್ಲ."

"ನಾಡಿದ್ದು?"

"ಅಪ್ಪನ ಹತ್ರ ಮಾತಾಡೋಕೆ ಬನ್ನಿ," ಎಂದು ತಲೆ ತಗ್ಗಿಸಿದಳು. "ಅದಕ್ಕೆ ಟಿಕೆಟ್ ಬೇಡ."