ರಿಮ್ ಬ್ರೇಕಿನ ಮೇಡಂ

ಸೈಕಲ್ ಬ್ರೇಕ್ ಪ್ಯಾಡಿನ ಪೊಟ್ಟಣವನ್ನು ಅಂಗಡಿಯವನು ಅವಳ ಕೈಗೆ ಕೊಡಲಿಲ್ಲ. ಕೌಂಟರಿನ ಮೇಲಿಟ್ಟ.

ಮಯೂರಿ ಅದನ್ನು ಮುಟ್ಟಲಿಲ್ಲ. ಇಂಥ ಕೌಂಟರುಗಳು ಅವಳಿಗೆ ಗೊತ್ತಿದ್ದವು. ಅಜ್ಜ ಉಡಚಪ್ಪನ ಕಾಲದ, ತಮ್ಮವರಿಗೆ ಲೋಟ ಬೇರೆ ಇಡುತ್ತಿದ್ದ ಚಹಾದಂಗಡಿಗಳ ಕಥೆ ಕೇಳಿ ಬೆಳೆದವಳು ಅವಳು. ತನ್ನ ಕಾಲದಲ್ಲಿ ಅದೇ ಕಥೆ ಎಷ್ಟು ನಯವಾಗಿ ನಡೆಯುತ್ತದೆ ಎಂದೂ ನೋಡಿದವಳು. ಧಾರವಾಡದ ಕಾಲೇಜಿನಲ್ಲಿ ಹುಡುಗರಿಗೆ ಫಿಸಿಕ್ಸ್ ಕಲಿಸುವ ಅವಳಿಗೆ, ಎದುರಿನವರ ಕೈ ಎಲ್ಲಿ ತಡೆಯುತ್ತದೆ, ಕಣ್ಣು ಯಾವಾಗ ಸರಿಯುತ್ತದೆ ಎಂದು ಗಮನಿಸುವುದು ಉಸಿರಾಡಿದಷ್ಟೇ ರೂಢಿ.

"ಕೈಯಾಗ ಕೊಡ್ರಿ," ಅಂದಳು.

ಅಂಗಡಿಯವನು ತಲೆ ಎತ್ತಿದ. ಆಮೇಲೆ ಎರಡೂ ಅಂಗೈ ತೆರೆದು ತೋರಿಸಿದ. ಮಣಿಕಟ್ಟಿನವರೆಗೂ ಗ್ರೀಸ್.

"ನಿಮ್ಮ ಕುಡ್ತಾ ಬಿಳೇದೈತಲ್ರಿ ಮೇಡಂ. ಕಲಿ ಬಿದ್ರ ನನಗ ಬೈತೀರಿ."

"ಬೈಯೂದಿಲ್ಲ. ಕೊಡ್ರಿ."

ಅವನು ಪೊಟ್ಟಣವನ್ನು ಎರಡು ಬೆರಳ ತುದಿಯಲ್ಲಿ ಎತ್ತಿ, ಹಸಿ ಮೊಟ್ಟೆ ಇಡುವಷ್ಟು ಜೋಪಾನವಾಗಿ ಅವಳ ಅಂಗೈಯಲ್ಲಿಟ್ಟ. ಆದರೂ ಹೆಬ್ಬೆರಳಿನ ಒಂದು ಕಪ್ಪು ಗುರುತು ಉಳಿಯಿತು. ಹುಬ್ಬಳ್ಳಿಯ ಕೇಶ್ವಾಪುರದ ಆ ಅಂಗಡಿಯಿಂದ ನವನಗರದ ಮನೆಯವರೆಗೆ ಮಯೂರಿ ಆ ಗುರುತನ್ನು ಒರೆಸಿಕೊಳ್ಳಲಿಲ್ಲ.

ಅದು ಜೂನ್ ತಿಂಗಳ ಮಾತು. ಅವನ ಹೆಸರು ಶಿವಯೋಗೀಶ. ಮನೆತನದವರೆಲ್ಲ ಹತ್ತಿ ವ್ಯಾಪಾರದವರು. ಇವನೊಬ್ಬ ದಲಾಲಿ ಅಂಗಡಿಯ ಗಾದಿ ಬಿಟ್ಟು, ದೂರದ ಊರುಗಳಿಗೆ ಹೋಗುವ ಟೂರಿಂಗ್ ಸೈಕಲ್ಲುಗಳ ರಿಪೇರಿಗೆ ಕೂತಿದ್ದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹಸಿರು ಪರದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಅವನು ಬೆರಳು ಮಡಚಿ ಎಣಿಸಿದ. "ಮೂರು ತಿಂಗಳಾಗ ಇದು ಐದನೇ ಜೋಡಿ ಪ್ಯಾಡ್. ತಿಂತೀರೇನ್ರಿ ಮೇಡಂ?"

"ಮಳಿಗಾಲ. ರಾಡಿಗೆ ಸವೀತಾವ."

"ಹಳೇವು ತಂದು ತೋರಸ್ರಿ, ಎಷ್ಟ ಸವದಾವ ನೋಡೂಣು."

ಹಳೆಯ ಪ್ಯಾಡುಗಳು ಮನೆಯ ಡ್ರಾದಲ್ಲಿ ಹೊಸವುಗಳಂತೆಯೇ ಇದ್ದವು. ಮಯೂರಿಯ ಕಿವಿ ಬಿಸಿಯಾಯಿತು. ಅವನು ಬಗ್ಗಿ ಯಾವುದೋ ಚೈನ್ ಹುಡುಕುವ ನೆಪ ಮಾಡಿದ. ಆದರೆ ಅವನ ಬೆನ್ನು ಕೂಡ ನಗುತ್ತಿತ್ತು.

"ಅದಕ್ಕ ಹೇಳ್ತೇನಿ, ಡಿಸ್ಕ್ ಬ್ರೇಕ್ ಹಾಕಸ್ರಿ," ಅಂದ ಅವನು ಎದ್ದು ನಿಂತು. "ದಸರಾ ಆದಮ್ಯಾಲ ಕಾರವಾರಕ್ಕ ಹೊಂಟೀರಿ. ಒಬ್ಬರ. ಅಣಶಿ ಘಾಟು. ಎರಡೂ ಕಡೆ ಚೀಲ, ಮ್ಯಾಲೆ ಡೇರೆ. ಅಷ್ಟ ಭಾರ ಹೊತ್ತು ಇಳಿಯೂ ಮುಂದ ರಿಮ್ ಹಿಡಕೊಂತ ಹೋದ್ರ ರಿಮ್ ಕಾಯತೈತಿ, ಟ್ಯೂಬ್ ಒಡೀತೈತಿ. ಮಳಿ ಬಂದ್ರಂತೂ ಹಿಡಿಯೂದ ಇಲ್ಲ."

"ಹಿಡದ ಹಿಡದ ಕುಂದರೂದಿಲ್ಲ ನಾ. ಹಿಡೀತೇನಿ, ಬಿಡ್ತೇನಿ. ಕಾವು ಹೆಂಗ ಏರತೈತಿ, ಹೆಂಗ ಇಳೀತೈತಿ ಅಂತ ಹುಡುಗರಿಗೆ ಕಲಸಾಕಿ ನಾ."

"ಡಿಸ್ಕಿಗೆ ಆ ಕಾಳಜೀನ ಇಲ್ಲ. ಅದು ರಿಮ್ ಮುಟ್ಟೂದ ಇಲ್ಲ, ಗಾಲಿ ನಡುವಿನ ಉಕ್ಕಿನ ತಟ್ಟಿ ಹಿಡೀತೈತಿ."

"ಜೋಯಿಡಾದಾಗ ನಿಮ್ಮ ಡಿಸ್ಕಿನ ತಟ್ಟಿ ಬಾಗಿದ್ರ ಯಾರ ಕಡೆ ಹೋಗಲಿ? ನನ್ನ ಪ್ಯಾಡು, ನನ್ನ ವಾಯರು ಎಲ್ಲಾ ಊರಾಗೂ ಸಿಗತಾವ. ಕಣ್ಣಿಗೆ ಕಾಣತಾವ. ಮತ್ತ ಡಿಸ್ಕ್ ಹಾಕೂದಂದ್ರ ನನ್ನ ಸೈಕಲ್ಲಿಗೆ ಫೋರ್ಕ್ ಬದಲು, ಗಾಲಿ ಬದಲು, ಹಿಂದ ವೆಲ್ಡಿಂಗು. ಉಳಿಯೂದೇನು, ಬೆಲ್ಲು?"

ಅವನು ಸೋತವನಂತೆ ಕೈ ಎತ್ತಿದ, ಕಣ್ಣು ಮಾತ್ರ ಸೋತಿರಲಿಲ್ಲ. "ಪಂದ್ಯ ಹಚ್ಚೂಣು. ದಸರಾ ದಿನ ಮುಂಜಾನೆ, ನೃಪತುಂಗ ಬೆಟ್ಟ. ಇಬ್ಬರೂ ಇಪ್ಪತ್ತ್ ಕೆಜಿ ಹೇರಿಕೊಂಡು ಇಳಿಯೂದು. ಗೆರಿ ದಾಟದ ಯಾರು ನಿಂದರ್ತಾರ ನೋಡೂಣು. ನಾ ಗೆದ್ರ ನಿಮ್ಮ ಸೈಕಲ್ಲಿಗೆ ಡಿಸ್ಕು."

"ನಾ ಗೆದ್ರ?"

"ನೀವು ಕೇಳಿದ್ದು."

ಏನು ಕೇಳಬೇಕೆಂದು ಮಯೂರಿಗೆ ಆ ಕ್ಷಣವೇ ಗೊತ್ತಿತ್ತು. ಅಂಗಡಿಯ ಹಿಂದಿನ ಆ ಹಸಿರು ಪರದೆ ಸರಿಸಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ನಾನು ನಿಮಗೆ ಯಾರು ಎಂದು ನಿಮ್ಮವರ ಮುಂದೆ ಹೇಳಿ. ಅಷ್ಟೇ. ಮೂರು ತಿಂಗಳಲ್ಲಿ ಆ ಪರದೆ ಒಮ್ಮೆಯೂ ಸರಿದಿರಲಿಲ್ಲ.

"ಗೆದ್ದಮ್ಯಾಲ ಹೇಳ್ತೇನಿ," ಅಂದಳು.

ದಸರಾದ ಹಿಂದಿನ ದಿನ, ಆಯುಧಗಳಿಗೆ ಖಂಡೆ ಪೂಜೆ. ಸರ್ವಿಸಿಗೆ ಬಿಟ್ಟಿದ್ದ ಸೈಕಲ್ ಒಯ್ಯಲು ಮಯೂರಿ ಬಂದಾಗ ಅಂಗಡಿಗೆ ಮಾವಿನ ತೋರಣ ಕಟ್ಟಿದ್ದರು. ಪಾನಾ, ಸುತ್ತಿಗೆ, ಪಂಪು ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಶಿವಯೋಗೀಶನ ತಾಯಿ ಗೌರಕ್ಕ ತಟ್ಟೆ ಹಿಡಿದು ಒಂದೊಂದೇ ಸೈಕಲ್ಲಿಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಹೂ ಏರಿಸುತ್ತಿದ್ದರು. ಮಗನ ಸೈಕಲ್ಲಿಗೆ ವಿಶೇಷ ಅಕ್ಕರೆ. ಅದರಲ್ಲಿ ಎಲ್ಲಕ್ಕಿಂತ ಥಳಥಳಿಸುವುದು ಡಿಸ್ಕಿನ ಎರಡು ತಟ್ಟೆಗಳು; ಅವಕ್ಕೆ ಸುತ್ತಲೂ ಐದೈದು ಬೊಟ್ಟು.

ಮುಂದಿನದು ಮಯೂರಿಯ ಸೈಕಲ್.

"ಯಾರದವ್ವಾ ಇದು?"

"ನಂದು ರಿ."

"ಛಲೋ ಐತಿ. ಯಾರ ಪೈಕಿ ನೀವು?"

ಇಂಥ ಪ್ರಶ್ನೆಗೆ ಮಯೂರಿ ಉತ್ತರವನ್ನು ಎಷ್ಟೋ ವರ್ಷಗಳಿಂದ ತೂಕ ಮಾಡಿ ಇಟ್ಟುಕೊಂಡಿದ್ದಳು. "ಬೌದ್ಧರು ರಿ. ನವನಗರದಾಗ ಇರ್ತೇವಿ. ಅದಕಿಂತ ಮೊದಲು ಏನಿದ್ರಿ ಅಂತ ಕೇಳೂದಿದ್ರ ಅದನ್ನೂ ಹೇಳ್ತೇನಿ."

"ಕೇಳೂದೇನೈತಿ," ಅಂದರು ಗೌರಕ್ಕ. ಕುಂಕುಮದ ಬೆರಳು ಹ್ಯಾಂಡಲ್ಲಿನ ಹತ್ತಿರದವರೆಗೂ ಬಂದಿತ್ತು. ಅದು ಹಿಂದೆ ಹೋಯಿತು. ಅವರು ಆಚೆಯ ಸೈಕಲ್ಲಿಗೆ ನಡೆದರು.

ಶಿವಯೋಗೀಶ ಅಲ್ಲೇ ಇದ್ದ. ನೋಡಿದ. ಕೈಯಲ್ಲಿದ್ದ ತೆಂಗಿನಕಾಯಿಯ ಜುಟ್ಟನ್ನು ಮೊದಲ ಸಲ ಕಂಡವನಂತೆ ನೋಡುತ್ತ ನಿಂತ.

ಮಯೂರಿಗೆ ಕುಂಕುಮ ಬೇಕಿರಲಿಲ್ಲ. ಅವಳ ಮನೆಯಲ್ಲಿ ಆ ಪದ್ಧತಿಯೂ ಇರಲಿಲ್ಲ. ಆದರೆ ಬೇಡ ಅನ್ನುವ ಮಾತು ತನ್ನದಾಗಿರಬೇಕಿತ್ತು. ಸೈಕಲ್ ಹತ್ತಿ ಹೊರಟಳು. ರಾತ್ರಿಯವರೆಗೂ ಮೊಬೈಲು ಮಿನುಗುತ್ತಲೇ ಇತ್ತು. ಅವನ ಒಂದು ಸಂದೇಶವನ್ನೂ ಅವಳು ತೆರೆಯಲಿಲ್ಲ. ಕೊನೆಗೆ ತಾನೇ ಬರೆದಳು: "ನಾಳೆ ಆರಕ್ಕ ಬೆಟ್ಟ. ಬರೂದಿದ್ರ ಬರ್ರಿ."

ಬಂದಿದ್ದ. ಅವಳಿಗಿಂತ ಮೊದಲೇ.

ಬೆಟ್ಟದ ಮೇಲೆ ವಾಕಿಂಗಿನವರು ಅಲ್ಲಲ್ಲಿ. ಕೆಳಗೆ ಹುಬ್ಬಳ್ಳಿ ಇನ್ನೂ ಮಂಜಿನ ಹೊದಿಕೆಯಲ್ಲಿತ್ತು. ಇಬ್ಬರ ಸೈಕಲ್ಲಿಗೂ ಎರಡೆರಡು ಚೀಲ, ಒಂದೊಂದರಲ್ಲೂ ಹತ್ತು ಕೆಜಿ ಜೋಳ. ಇಳಿಜಾರಿನ ಬುಡದಲ್ಲಿ ಮಯೂರಿ ಕಾಲೇಜಿನ ಸೀಮೆಸುಣ್ಣದಿಂದ ಗೆರೆ ಎಳೆದು ಬಂದಿದ್ದಳು.

"ನಿನ್ನೆ..." ಅಂದ ಅವನು.

"ಮೊದಲು ಇಳಿಯೂಣು."

"ನಿಮಗ ಸಿಟ್ಟು ಬಂದೈತಿ."

"ಬಂದೈತಿ. ಮೂರು ಅಂದ ಕೂಡಲೆ ಬಿಡ್ರಿ."

ಗಾಳಿ ಕಿವಿಯಲ್ಲಿ ಸಿಳ್ಳೆ ಹಾಕಿತು. ಮಯೂರಿ ಹಿಡಿದಳು, ಬಿಟ್ಟಳು, ಹಿಡಿದಳು, ಬಿಟ್ಟಳು. ಪಕ್ಕದಲ್ಲಿ ಅವನ ಡಿಸ್ಕು ಒಮ್ಮೆ ಕಿರುಚಿತು. ಆಮೇಲೆ ಸದ್ದೇ ಇಲ್ಲ. ಆ ಮೌನವೇ ಅವಳನ್ನು ಹೆದರಿಸಿತು. ಅವನು ಅವಳನ್ನು ದಾಟಿ ಹೋದ. ಎರಡೂ ಬ್ರೇಕುಗಳನ್ನು ಬಿಗಿಯಾಗಿ ಒತ್ತಿಯೇ ಇದ್ದ. ಸೈಕಲ್ಲಿಗೆ ಅದರ ಪರಿವೆಯೇ ಇರಲಿಲ್ಲ.

"ಸರೀರಿ! ಸರೀರೀ!"

ಒಬ್ಬ ಮುದುಕ ಶಾಲು ಸಮೇತ ಬದಿಗೆ ಹಾರಿದ. ಶಿವಯೋಗೀಶ ಗೆರೆ ದಾಟಿ, ತಿರುವನ್ನೂ ದಾಟಿ, ಸೈಕಲ್ ನಿಲ್ಲಿಸಲೆಂದೇ ಹ್ಯಾಂಡಲ್ ಎಳೆದು ಲಂಟಾನ ಪೊದೆಯೊಳಗೆ ನುಗ್ಗಿದ.

ಮಯೂರಿ ಗೆರೆಗೆ ಒಂದು ಗೇಣು ಈಚೆಗೇ ನಿಂತಿದ್ದಳು. ಗೆದ್ದೆ ಅನ್ನಿಸಲಿಲ್ಲ. ಸೈಕಲ್ಲನ್ನು ರಸ್ತೆಯಲ್ಲೇ ಚೆಲ್ಲಿ ಓಡಿದಳು.

ಪೊದೆಯೊಳಗಿಂದ ದನಿ ಬಂತು. "ಮೇಡಂ, ನೀವು ಗೆರಿ ಈಚೆ ನಿಂತ್ರೋ ಇಲ್ಲೋ?"

"ಸತ್ತಿದ್ರ ನಾ ಏನ್ ಮಾಡ್ತಿದ್ನಿ?" ಮಯೂರಿ ಕೂಗಿದಳು. ಇಷ್ಟು ಗಟ್ಟಿಯಾಗಿ ಅವಳು ಕ್ಲಾಸಿನಲ್ಲೂ ಕೂಗಿದವಳಲ್ಲ.

ಎಲೆಗಳ ನಡುವೆ ಅವನ ಮುಖ ಕಾಣಿಸಿತು, ಕೂದಲಲ್ಲಿ ಹಳದಿ ಹೂವು. "ಏನ್ ಮಾಡ್ತಿದ್ರಿ?"

"ಸುಮ್ಮನ ಏಳ್ರಿ ಮ್ಯಾಲೆ."

ಮೊಣಕೈ ತರಚಿತ್ತು. ಎಲುಬಿಗೇನೂ ಆಗಿರಲಿಲ್ಲ. ಅಷ್ಟು ಖಾತ್ರಿ ಮಾಡಿಕೊಂಡು ಮಯೂರಿ ಅವನ ಸೈಕಲ್ಲಿನ ಕಡೆ ತಿರುಗಿದಳು. ಡಿಸ್ಕಿನ ತಟ್ಟೆಗೆ ಬೆರಳು ಸವರಿ ನೋಡಿದಳು. ಜಾರಿತು. ಬೆರಳ ತುದಿ ತಿಳಿಗೆಂಪು.

"ಕುಂಕುಮ ಎಣ್ಣ್ಯಾಗ ಕಲಸಿದ್ರೇನು?"

"ಉದುರಬಾರದಂತ ಅವ್ವ ಯಾವಾಗಲೂ ಹಂಗ ಕಲಸ್ತಾಳ."

"ಡಿಸ್ಕಿಗೆ ಎಣ್ಣಿ ಹತ್ತಿದ್ರ ಏನಾಗತೈತಿ, ಗೊತ್ತಿಲ್ಲ ನಿಮಗ?"

"ದಿನಾ ಹತ್ತು ಮಂದಿಗೆ ನಾನ ಹೇಳ್ತೇನಿ." ಅವನು ತಲೆ ತಗ್ಗಿಸಿದ. "ಒಣ ಅರಿವೀಲೆ ಒರಸಿದ್ನಿ. ಸ್ಪಿರಿಟ್ ಹಾಕಿ ತಿಕ್ಕಾಕ ಕೈ ಬರಲಿಲ್ರಿ. ಪೂಜಿ ಮಾಡಿದ್ದು, ಹಬ್ಬ ಮುಗಿಯೂತನಕ ಅಳಸಬಾರದಂತ..."

ಮಯೂರಿ ಬೆರಳನ್ನು ಹುಲ್ಲಿಗೆ ಒರೆಸಿದಳು. ಸುಳ್ಳು ಗೆಲುವು ಅವಳಿಗೆ ಬೇಕಿರಲಿಲ್ಲ. "ನನ್ನ ರಿಮ್ಮಿಗೆ ಹಚ್ಚಿದ್ರೂ ಹಿಂಗ ಆಗತಿತ್ತು. ಡಿಸ್ಕಿನ ತಪ್ಪಲ್ಲ ಇದು. ಪಂದ್ಯ ರದ್ದು."

"ಬದುಕಿದ್ನಿ."

"ಪಂದ್ಯ ರದ್ದು. ನಿನ್ನೆ ನೀವು ಕಾಯಿ ಹಿಡಕೊಂಡು ಸುಮ್ಮನ ನಿಂತದ್ದು ರದ್ದಾಗೂದಿಲ್ಲ."

ಅವನ ನಗು ಅಲ್ಲೇ ನಿಂತಿತು. ಮುದುಕ ಶಾಲು ಸರಿಪಡಿಸಿಕೊಂಡು ಬೈಯುತ್ತ ಮೇಲಕ್ಕೆ ಹೋದ. ಶಿವಯೋಗೀಶ ಕೂದಲಿನ ಹೂವು ಕಿತ್ತೆಸೆದು ಕೇಳಿದ, "ಗೆದ್ದಿದ್ರ ಏನ್ ಕೇಳ್ತಿದ್ರಿ?"

"ಈಗ ಕೇಳೂದಿಲ್ಲ. ಕೇಳಿ ಇಸಗೊಳ್ಳೂದಲ್ಲ ಅದು."

ಅವನು ಸೈಕಲ್ಲನ್ನು ಪೊದೆಯಿಂದ ಎಳೆದು ನಿಲ್ಲಿಸಿದ. "ನಡೀರಿ ಮನಿಗೆ. ಪಂದ್ಯಕ್ಕಲ್ಲ. ನಾ ಕರಿಯಾಕತ್ತೇನಿ."

ಕೇಶ್ವಾಪುರದವರೆಗೂ ಅವನು ಸೈಕಲ್ ತಳ್ಳಿಕೊಂಡೇ ನಡೆದ. ಅವಳೂ ನಡೆದಳು. ಹೆಜ್ಜೆಗೊಮ್ಮೆ ಮಯೂರಿಗೆ ಹಿಂದಿರುಗುವ ಆಸೆಯಾಯಿತು. ಹತ್ತು ಗಂಟೆಗೆ ಅಪ್ಪನ ಜೊತೆ ಬುದ್ಧ ವಿಹಾರಕ್ಕೆ ಹೋಗಬೇಕು, ಅದೇ ಒಳ್ಳೆಯ ನೆಪ. ಆದರೆ ನೆಪ ಹೇಳಲಿಲ್ಲ.

ಅಂಗಡಿಯ ಮುಂದೆ ಗೌರಕ್ಕ ಚೆಂಡುಹೂ ಪೋಣಿಸುತ್ತಿದ್ದರು. ಪಕ್ಕದ ಮನೆಯ ಪರಮೇಶ ಕಾಕಾ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು.

"ಏನೋ ಇದು, ರಕ್ತ!" ಗೌರಕ್ಕ ಎದ್ದರು.

"ಬಿದ್ನಿ ಅವ್ವಾ, ಅಷ್ಟ. ಮೊದಲು ನನ್ನ ಮಾತು ಕೇಳು. ಇವರು ಮಯೂರಿ. ನಿನ್ನೆ ನೀ ಇವರ ಸೈಕಲ್ ಬಿಟ್ಟು ಮುಂದ ಹೋದಿ. ನಾ ನೋಡಿಕೊಂತ ನಿಂತ್ನಿ. ಅದು ನಿನಕಿಂತ ನನ್ನ ತಪ್ಪು. ಇವರು ಒಪ್ಪಿದ್ರ ನಾ ಇವರನ್ನ ಮದವಿ ಆಗ್ತೇನಿ."

ಕಾಕಾನ ಗಂಟಲಲ್ಲಿ ಚಹಾ ಸಿಕ್ಕಿ ಕೆಮ್ಮು ಬಂತು.

ಮಯೂರಿಯ ಬಾಯಿ ಸುಮ್ಮನಿರಲಿಲ್ಲ. "ಇಂಥಾ ಮಾತು ಮೊದಲು ನನಗ ಹೇಳೂದು ರೂಢಿ ರೀ."

"ಹೆದರಿಕಿ ಇತ್ರಿ," ಅಂದ ಅವನು. "ಇಬ್ಬರಿಗೂ ಒಮ್ಮೆಲೆ ಹೇಳಿ ಮುಗಿಸಿದ್ನಿ."

"ನಾ ಒಪ್ಪೂದಿಲ್ಲ," ಅಂದರು ಗೌರಕ್ಕ. ಮಗನಿಗಲ್ಲ, ನೇರ ಮಯೂರಿಗೆ.

ಮಯೂರಿ ಒಂದೊಂದೇ ಮಾತು ಆರಿಸಿಕೊಂಡಳು. "ಒಪ್ಪೂದು ಬಿಡೂದು ನಿಮ್ಮದ್ರಿ ಅವ್ವಾರ. ನನ್ನ ಸೈಕಲ್ಲಿಗೆ ಪೂಜಿ ಬ್ಯಾಡ, ನಾವು ಮಾಡೂದೂ ಇಲ್ಲ. ನಿಮ್ಮ ಒಪ್ಪಿಗಿ ಸಲುವಾಗಿ ಅಳಾಕೂ ನಾ ಬಂದಿಲ್ಲ. ಆದ್ರ ಹಿಂಗ ಅಂಗಳದಾಗ ನಿಂತ ಮಾತಾಡೂದಿಲ್ಲ. ಕೂಡಾಕ ಒಂದು ಕುರ್ಚಿ ಹಾಕ್ರಿ."

ಶಿವಯೋಗೀಶ ಹಸಿರು ಪರದೆಯನ್ನು ಪೂರ್ತಿ ಸರಿಸಿ ಒಳಗೆ ಹೋದ. ತೋಳಿನ ದೊಡ್ಡ ಕುರ್ಚಿಯೊಂದನ್ನು ಹೊತ್ತು ತಂದ.

"ಅದು ನಿಮ್ಮಪ್ಪಂದೋ," ಅಂದರು ಗೌರಕ್ಕ.

"ಹೌದು ಅವ್ವಾ, ಅಪ್ಪಂದ," ಅಂದು ಅಂಗಡಿಯ ನಟ್ಟ ನಡುವೆ ಇಟ್ಟ.

ಮಯೂರಿ ಕೂತಳು. ಅಂಚಿನಲ್ಲಲ್ಲ, ಬೆನ್ನು ಆನಿಸಿ.

ಗೌರಕ್ಕ ಅವಳನ್ನು ದಿಟ್ಟಿಸಿ ನೋಡಿದರು. ಒಳಗೆ ನಡೆದರು. ಬಾಗಿಲು ಮಾತ್ರ ಹಾಕಿಕೊಳ್ಳಲಿಲ್ಲ. ಒಳಗೆ ಪಾತ್ರೆಗಳು ಸದ್ದು ಮಾಡಿದವು. ಸಿಟ್ಟಿನದೋ, ಚಹಾದ್ದೋ ಮಯೂರಿಗೆ ತಿಳಿಯಲಿಲ್ಲ. ಎರಡೂ ಇರಬಹುದು ಅಂದುಕೊಂಡಳು.

"ಕೈ ತರ್ರಿ ಇಲ್ಲೆ." ಚೀಲದಿಂದ ಡೆಟಾಲು, ಹತ್ತಿ ತೆಗೆದಳು. ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಅವಳು ಅವನ ತೋಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಹಬ್ಬದ ದಿನ, ಓಣಿಯಲ್ಲಿ ಹೋಗಿ ಬರುವವರು ಹೆಜ್ಜೆ ನಿಧಾನ ಮಾಡಿದರು.

"ಮಂದಿ ನೋಡಾಕತ್ತಾರ್ರಿ."

"ನೋಡ್ಲಿ."

"ಕಾರವಾರ?"

"ನಾಡಿದ್ದು ಐದಕ್ಕ. ರಿಮ್ ಬ್ರೇಕಿನ ಮ್ಯಾಲ. ಬರೂದಿದ್ರ ಪ್ಯಾಡ್ ಬದಲಿಸಿ, ಡಿಸ್ಕ್ ತೊಳಕೊಂಡು ಬರ್ರಿ. ಘಾಟಿನಾಗ ನಿಮ್ಮನ್ನ ಪೊದಿಯಿಂದ ಎಳಿಯೂದು ನನ್ನ ಕಡಿಂದ ಆಗೂದಿಲ್ಲ."

"ಮಳಿ ಬಂದ್ರ ನೋಡೂಣು ಯಾರು ಯಾರನ್ನ ಎಳೀತಾರ."

ಅವಳು ಹತ್ತಿ ಒತ್ತಿದಳು. ಅವನು ಹಲ್ಲು ಕಚ್ಚಿದ. "ಉರೀತೈತ್ರೀ!"

"ಉರೀಲಿ."

"ನೀವು ಒಪ್ಪಿದ್ರೋ ಇಲ್ಲೋ, ಅದನ್ನ ಹೇಳಲೇ ಇಲ್ಲ," ಅಂದ ಅವನು, ತೀರ ಮೆಲ್ಲಗೆ, ಅವಳಿಗಷ್ಟೇ ಕೇಳುವ ಹಾಗೆ.

ಒಳಗೆ ಪಾತ್ರೆಯ ಸದ್ದು ನಿಂತಿತು. ಕಾಕಾನ ಚಹಾದ ಲೋಟ ತುಟಿಯ ಹತ್ತಿರವೇ ಉಳಿಯಿತು. ಪ್ರತಿ ಮಾತನ್ನೂ ತಗ್ಗಿಸಿ, ತೂಗಿ, ಎರಡು ಸಲ ಯೋಚಿಸಿ ಆಡುವ ಮಯೂರಿ ತಲೆ ಎತ್ತಿದಳು.

"ಒಪ್ಪೇನಿ," ಅಂದಳು, ಕೇಶ್ವಾಪುರದ ಆ ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.